ಅಟ್ಲಾಂಟಿಕ್ ದಾಟಲು ಹೊರಟಿದ್ದೀರಾ? ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಸಿ ನೋಡಿ

ಬೇರೆಯವರ ಹಾಯಿದೋಣಿಯಲ್ಲಿ ಸಿಬ್ಬಂದಿಯಾಗಿ ಸಾಗರ ದಾಟುವ ಆಸೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವು ನಾಲ್ಕು ಜನ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಗೆ ಹೊರಟಿದ್ದೆವು. ಸುಮಾರು 2,700 ನಾಟಿಕಲ್ ಮೈಲಿ, ಮೂರು ವಾರದ ದಾರಿ. ಚಂಡಮಾರುತದ ಕಾಲ ನವೆಂಬರ್ ಕೊನೆಗೆ ಮುಗಿಯುತ್ತದೆ, ಆಮೇಲೆ ಈಶಾನ್ಯದ ವಾಣಿಜ್ಯ ಮಾರುತ ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಮಾಲೀಕರೇ ಕ್ಯಾಪ್ಟನ್. ಅವರ ಕೈಯಲ್ಲಿ ತಪಾಸಣೆಯ ಉದ್ದನೆಯ ಪಟ್ಟಿ, ಪ್ರತಿ ಸಾಲಿಗೂ ಟಿಕ್. ಆದರೆ ಆ ಟಿಕ್‌ಗಳೆಲ್ಲ ಬಿದ್ದದ್ದು ದೋಣಿ ಮರೀನಾದಲ್ಲಿ ಕಟ್ಟಿ ನಿಂತಿದ್ದಾಗ.

ನಿಂತ ದೋಣಿಯ ಡೀಸೆಲ್ ಟ್ಯಾಂಕನ್ನು ಮುಚ್ಚಳ ತೆಗೆಯದೆ ಹೊರಗಿನಿಂದ ನೋಡಿ ಏನನ್ನೂ ಹೇಳಲಾಗದು. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಮರೀನಾದಲ್ಲಿ ಅದು ತಳ ಬಿಟ್ಟು ಏಳುವುದಿಲ್ಲ, ಎಂಜಿನ್ ಸಲೀಸಾಗಿ ಓಡುತ್ತದೆ. ತೆರೆದ ಸಾಗರದಲ್ಲಿ ದೋಣಿ ಹೊಯ್ದಾಡಲು ಶುರುವಾದರೆ ಅಷ್ಟೂ ಕದಡಿ ಫಿಲ್ಟರ್‌ಗೆ ಬಂದು ಕೂರುತ್ತದೆ. ನಮಗೆ ಆದದ್ದೂ ಅದೇ. ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲಿಗೆ ಟಾರ್ಚ್ ಹಿಡಿದರೆ ಬೆಳಕು ಆಚೆ ದಾಟಲೇ ಇಲ್ಲ. ಒಳಗೆಲ್ಲ ಬೆರಳಿಗೆ ಅಂಟುವ ಕರಿ ಗಸಿ. ಹೆಚ್ಚುವರಿ ಫಿಲ್ಟರ್ ಇದ್ದದ್ದು ಎರಡೇ, ಎರಡೂ ಕಟ್ಟಿಕೊಂಡವು. ಫಿಲ್ಟರ್ ಬದಲಿಸಿದ ಮೇಲೆ ಪೈಪಿನ ಗಾಳಿ ಹೊರಹಾಕುವುದನ್ನು ಕ್ಯಾಪ್ಟನ್ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎರಡನೆಯದು ಹೋಗುವಷ್ಟರಲ್ಲಿ ಅವರೇ ವಾಂತಿಯಿಂದ ಏಳಲಾಗದೆ ಮಲಗಿದ್ದರು. ಎಂಜಿನ್ ನಿಂತಿತು.

ಹಾಯಿದೋಣಿಗೆ ಎಂಜಿನ್ ಯಾಕೆ, ಗಾಳಿ ಇದೆಯಲ್ಲ ಅನ್ನಬಹುದು. ಎಂಜಿನ್ ನಿಂತರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಬ್ಯಾಟರಿ ಇಳಿದರೆ ದೋಣಿಯನ್ನು ತಾನೇ ದಿಕ್ಕು ಹಿಡಿದು ನಡೆಸುವ ಆಟೋಪೈಲಟ್ ಇಲ್ಲ, ಸಮುದ್ರದ ನೀರನ್ನು ಸಿಹಿ ಮಾಡುವ ವಾಟರ್‌ಮೇಕರೂ ಇಲ್ಲ. ಆ ಯಂತ್ರದ ಭರವಸೆಯ ಮೇಲೆ, ದೋಣಿ ಹಗುರ ಇರಲಿ ಎಂದು ನೀರಿನ ಟ್ಯಾಂಕನ್ನು ಅರ್ಧವೇ ತುಂಬಿಸಿದ್ದರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಅಂದರೂ ನಾಲ್ವರಿಗೆ 21 ದಿನಕ್ಕೆ 252 ಲೀಟರ್ ಬೇಕು. ದಾರಿ ತಡವಾದೀತು ಎಂದು ಅದರ ಮೇಲೆ ಇನ್ನಷ್ಟು. ಟ್ಯಾಂಕ್ ಸೋರಿದರೆ ಇರಲಿ ಎಂದು ಒಂದು ಪಾಲು ಬೇರೆ ಕ್ಯಾನುಗಳಲ್ಲಿರಬೇಕು. ನಮ್ಮಲ್ಲಿ ಒಂದು ಕ್ಯಾನೂ ಇರಲಿಲ್ಲ.

ಆಮೇಲೆ ಹಗಲೂ ರಾತ್ರಿ ಸ್ಟೀರಿಂಗ್ ಚಕ್ರ ಹಿಡಿದದ್ದು ಮೂವರೇ. ಹಿಂದಿನ ಗಾಳಿಯಲ್ಲಿ ಕ್ಷಣ ಗಮನ ತಪ್ಪಿದರೂ ಹಾಯಿಯ ಕೆಳಗಿನ ಅಡ್ಡ ದಂಡ, ಅಂದರೆ ಬೂಮ್, ತಲೆಯೆತ್ತರದಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಹೊಡೆಯುತ್ತದೆ. ಅದನ್ನು ತಡೆಯುವ ಪ್ರಿವೆಂಟರ್ ಹಗ್ಗ ಪಟ್ಟಿಯಲ್ಲೂ ಇತ್ತು, ಚೀಲದಲ್ಲೂ ಇತ್ತು, ಕಟ್ಟಿ ಅಭ್ಯಾಸ ಮಾತ್ರ ಯಾರಿಗೂ ಮಾಡಿಸಿರಲಿಲ್ಲ. ಕತ್ತಲಲ್ಲಿ ಸೇಫ್ಟಿ ಹಗ್ಗಕ್ಕೆ ಕೊಂಡಿ ಹಾಕಿಕೊಂಡು, ಮುಂಭಾಗದವರೆಗೆ ತೆವಳಿ ಹೋಗಿ ಅದನ್ನು ಕಟ್ಟಿ ಬಂದದ್ದು ನಮ್ಮಲ್ಲೇ ಚಿಕ್ಕವಳಾದ ಹುಡುಗಿ. ಅವಳ ಋಣ ನನ್ನ ಮೇಲಿದೆ.

ಚಕ್ರವನ್ನು ಚುಕ್ಕಾಣಿಗೆ ಜೋಡಿಸುವ ಕೇಬಲ್ ಸಡಿಲವಾದ ಹಾಗೆ ಅನ್ನಿಸಿ, ಚಕ್ರ ಕೈಕೊಟ್ಟಾಗ ಚುಕ್ಕಾಣಿಯನ್ನು ನೇರವಾಗಿ ತಿರುಗಿಸುವ ತುರ್ತು ಟಿಲ್ಲರ್ ಹೊರಗೆಳೆದೆವು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ! ಚುಕ್ಕಾಣಿ ದಂಡದ ಚೌಕ ತಲೆಗೆ ಕೂರಿಸಿದರೆ, ಹಿಡಿಕೆ ಸ್ಟೀರಿಂಗ್ ಕಂಬಕ್ಕೆ ತಗಲಿ ಎಡಕ್ಕೆ ಒಂದು ಗೇಣೂ ತಿರುಗಲಿಲ್ಲ. ಕೇಬಲ್ ತುಂಡಾಗಿದ್ದರೆ ನಾವು ಚುಕ್ಕಾಣಿಯೇ ಇಲ್ಲದೆ ನಡುಸಾಗರದಲ್ಲಿರುತ್ತಿದ್ದೆವು. ದಡದಲ್ಲಿ ಹತ್ತು ನಿಮಿಷದಲ್ಲಿ ನೋಡಬಹುದಾಗಿದ್ದ ಕೆಲಸ ಇದು, ನೆನೆದರೆ ಈಗಲೂ ಕೋಪ ಬರುತ್ತದೆ.

ಇದ್ದ ಕೇಬಲನ್ನೇ ಬಿಗಿ ಮಾಡಿಕೊಂಡು ಕೇಪ್ ವರ್ಡ್‌ನ ಮಿಂಡೆಲೊ ಬಂದರಿಗೆ ತಲುಪಿದೆವು. ನಾನು ಅಲ್ಲೇ ಇಳಿದೆ. ಅಪಾಯದಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುವ 406 ಮೆಗಾಹರ್ಟ್ಸ್ ಬೀಕನ್ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ನೋಂದಣಿಯಾಗಿತ್ತು ಎಂದು ಅಲ್ಲಿ ತಿಳಿಯಿತು. ಒತ್ತಿದ್ದರೆ ರಕ್ಷಣಾ ಕೇಂದ್ರದವರು ಮೊದಲು ಫೋನ್ ಮಾಡುತ್ತಿದ್ದದ್ದು ಅವರಿಗೆ.

ಹೊರಡುವ ಮೊದಲು, ಜೊತೆಗೆ ಬರುವ ಅದೇ ಜನರನ್ನೇ ಕರೆದುಕೊಂಡು ಎರಡು ರಾತ್ರಿ ತೆರೆದ ಸಮುದ್ರದಲ್ಲಿ ಓಡಿಸಿ ಬರೋಣ ಎಂದು ಕ್ಯಾಪ್ಟನ್ ಹತ್ತಿರ ಕೇಳಿ. ಆಟೋಪೈಲಟ್ ಆಫ್ ಮಾಡಿ, ತುರ್ತು ಟಿಲ್ಲರ್‌ನಲ್ಲೇ ಒಂದು ಗಂಟೆ ನಡೆಸಿ. ಫಿಲ್ಟರ್ ಬದಲಿಸುವುದನ್ನು ನಿಮ್ಮ ಕೈಯಲ್ಲೇ ಮಾಡಿಸಲಿ. ‘ಅದಕ್ಕೆಲ್ಲ ಸಮಯ ಇಲ್ಲ, ಗಾಳಿ ಈಗ ಚೆನ್ನಾಗಿದೆ’ ಎಂಬ ಉತ್ತರ ಬಂದರೆ ಚೀಲ ಎತ್ತಿಕೊಂಡು ಇಳಿದುಬಿಡಿ. ಆ ಕಾಲದಲ್ಲಿ ಲಾಸ್ ಪಾಲ್ಮಾಸ್‌ನಲ್ಲಿ ಜನ ಬೇಕೆನ್ನುವ ಬೇರೆ ದೋಣಿಗಳು ಇರುತ್ತವೆ.