ಎರಡೂವರೆ ವರ್ಷ ಬಳಸಿದ ವಿಆರ್ ಹೆಡ್‌ಸೆಟ್: ಕಲಬುರಗಿಯ ಮನೆಯಿಂದ ಕಾರ್ಡೋಬಾದವರೆಗೆ

ಕಲಬುರಗಿಯ ನಮ್ಮ ಮನೆಗೆ ಈ ವಿಆರ್ ಹೆಡ್‌ಸೆಟ್, ಎಂದರೆ ಕಣ್ಣಿಗೆ ಕಟ್ಟಿಕೊಂಡರೆ ದೂರದ ಜಾಗದ ಒಳಗೇ ನಿಂತಂತೆ ತೋರಿಸುವ ಸಾಧನ, ಬಂದು ಎರಡೂವರೆ ವರ್ಷವಾಯಿತು. ತಂದದ್ದು ಆಟ ಆಡುವುದಕ್ಕಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿ ದೂರದ ಪ್ರಯಾಣ ನಿಂತುಹೋದಾಗ, ತಾವು ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ ಊರುಗಳನ್ನು ಹೀಗಾದರೂ ನೋಡಲಿ ಎಂಬ ಆಸೆಯಿಂದ ತಂದೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಲಿರುವ ಮಾತುಗಳಲ್ಲಿ ಹೆಚ್ಚಿನವು ಈ ಬೆಲೆಯ ಯಾವ ಹೆಡ್‌ಸೆಟ್‌ಗಾದರೂ ಅನ್ವಯಿಸುತ್ತವೆ.

ಮೊದಲ ತಿಂಗಳು ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಐಫೆಲ್ ಗೋಪುರ, ನಯಾಗರ ಜಲಪಾತ, ಈಜಿಪ್ಟಿನ ಪಿರಮಿಡ್ಡುಗಳು. ಎಲ್ಲವೂ ಚೆನ್ನಾಗಿದ್ದವು, ಆದರೆ ಯಾವುದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಎರಡನೆಯ ತಿಂಗಳಲ್ಲಿ ಹೆಡ್‌ಸೆಟ್ ಕಪಾಟು ಸೇರಿತು. ಅದು ಮತ್ತೆ ಹೊರಬರಲು ಕಾರಣವಾದದ್ದು ನಮ್ಮ ಕೋಟೆಯೊಳಗಿನ ಜಾಮಾ ಮಸೀದಿ.

1367ರಲ್ಲಿ ಬಹಮನಿಗಳ ಕಾಲದಲ್ಲಿ ಕಟ್ಟಿದ ಈ ಮಸೀದಿಯನ್ನು ಸ್ಪೇನ್ ದೇಶದ ಕಾರ್ಡೋಬಾದ ಮಹಾಮಸೀದಿಗೆ ಹೋಲಿಸುವುದು ಬಹಳ ಕಾಲದಿಂದ ನಡೆದುಬಂದಿದೆ. ಅಪ್ಪನೂ ತರಗತಿಯಲ್ಲಿ ವರ್ಷ ವರ್ಷವೂ ಅದನ್ನೇ ಹೇಳಿದವರು. ಒಂದು ಭಾನುವಾರ ಅವರು ತಾವಾಗಿಯೇ ಕಾರ್ಡೋಬಾ ತೋರಿಸು ಎಂದು ಕೇಳಿದರು. ಸುತ್ತಲಿನ ಎಲ್ಲ ದಿಕ್ಕನ್ನೂ ತೋರಿಸುವ 360 ಡಿಗ್ರಿ ಚಿತ್ರಗಳಲ್ಲಿ ಒಳಗೆ ಕಾಲಿಟ್ಟಂತೆ ಮಾಡಿ, ಕಂಬದಿಂದ ಕಂಬಕ್ಕೆ ನಿಧಾನವಾಗಿ ಕರೆದೊಯ್ದೆ. ಸುಮಾರು 850 ಕಂಬಗಳು, ಅವುಗಳ ಮೇಲೆ ಒಂದರ ಮೇಲೊಂದು ಎರಡು ಸಾಲು ಕಮಾನುಗಳು, ಆ ಕಮಾನುಗಳಲ್ಲಿ ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲಿನ ಪಟ್ಟೆಗಳು. ಅಪ್ಪ ತಲೆಯನ್ನು ಅತ್ತಿತ್ತ ತಿರುಗಿಸುತ್ತ, ಬಲಗೈಯನ್ನು ಗಾಳಿಯಲ್ಲಿ ಚಾಚಿ ಕಂಬದ ದಪ್ಪವನ್ನು ಅಳೆಯಲು ನೋಡಿದರು. ನಮ್ಮ ಮಸೀದಿಯಲ್ಲಿರುವುದು ಇಂಥ ತೆಳುವಾದ ಕಂಬಗಳಲ್ಲ. ದಪ್ಪನೆಯ ಚೌಕಗಂಬಗಳು, ನೆಲದ ಹತ್ತಿರದಿಂದಲೇ ಎದ್ದು ಅಗಲವಾಗಿ ಹರಡುವ ಕಮಾನುಗಳು, ಮೇಲೆ ಗುಮ್ಮಟಗಳ ಸಾಲು. ಆಮೇಲೆ ಹೊರಗೆ ಬಂದಾಗ ಕಿತ್ತಳೆ ಗಿಡಗಳ ವಿಶಾಲವಾದ ಅಂಗಳ ಎದುರಾಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಅಂಗಳ ಅದ ಅಲ್ಲೋ ತಮ್ಮಾ. ನಾ ಮೂವತ್ತು ವರ್ಷ ಹುಡುಗರಿಗಿ ಅರ್ಧಾನೇ ಹೇಳೀನಿ ನೋಡು" ಎಂದರು.

ಕಲಬುರಗಿಯ ಮಸೀದಿಯ ಹೆಚ್ಚುಗಾರಿಕೆ ಇರುವುದೇ ಅಂಗಳವಿಲ್ಲದಿರುವುದರಲ್ಲಿ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಚಾವಣಿಯಿದ್ದು, ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಕಾರ್ಡೋಬಾದ ಪ್ರಾರ್ಥನಾ ಮಂದಿರಕ್ಕೂ ಇದಕ್ಕೂ ಹೋಲಿಕೆ ಇದ್ದರೆ ಅದು ಸಾಲು ಕಮಾನುಗಳ ನಡುವೆ ನಿಂತಾಗ ಆಗುವ ಅನುಭವದಲ್ಲಿದೆಯೇ ಹೊರತು ಕಟ್ಟಡದ ವಿನ್ಯಾಸದಲ್ಲಲ್ಲ. ಅಂಗಳವಿದೆ ಎಂಬುದು ಯಾವ ಪುಸ್ತಕದಲ್ಲಾದರೂ ಸಿಗುವ ವಿಷಯವೆಂದು ಹೇಳಬಹುದು. ಆದರೆ ಮಸೀದಿಯ ಒಳಗಿನಿಂದ ನಡೆದು ಹೊರಬಂದು ಆ ಬಯಲನ್ನು ಕಂಡಾಗ ಅಪ್ಪನಿಗೆ ಅದು ತಟ್ಟಿದ ಬಗೆಯೇ ಬೇರೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ: ನಮ್ಮ ಸುತ್ತಮುತ್ತಲಿನ ಒಂದನ್ನು ಮೊದಲು ನೋಡಬೇಕು, ಆಮೇಲೆ ಅದರ ಸಂಬಂಧವಿರುವ ದೂರದ್ದನ್ನು ಹುಡುಕಬೇಕು. ಹೆಡ್‌ಸೆಟ್ ಮತ್ತೆ ಕಪಾಟು ಸೇರದಿರುವುದಕ್ಕೆ ಈ ಪದ್ಧತಿಯೇ ಕಾರಣ.

ಹೀಗೆಯೇ ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಿಂದ, ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ದೊರೆತ ಸ್ತೂಪದಿಂದ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳವರೆಗೆ ಹೋದೆವು. ಎರಡೂ ಕಡೆ ಸುಣ್ಣಕಲ್ಲು, ಎರಡೂ ಕಡೆ ಅದೇ ಒತ್ತೊತ್ತಾದ ಕೆತ್ತನೆ. ಆದರೆ ಅಲ್ಲಿ ನಮಗೆ ನಿರಾಶೆಯಾಯಿತು. ಶಿಲ್ಪಗಳು ಗಾಜಿನ ಹಿಂದಿವೆ, ಕ್ಯಾಮೆರಾ ನಿಂತ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು, ಹತ್ತಿರಕ್ಕೆ ಎಳೆದರೆ ಮುಖಗಳು ಕಲೆಸಿಹೋಗುತ್ತವೆ. ಇಂಥ ಸೂಕ್ಷ್ಮ ಕೆತ್ತನೆಯನ್ನು ನೋಡಲು ಸಂಗ್ರಹಾಲಯದ ಜಾಲತಾಣದ ಬಿಡಿ ಫೋಟೊಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನೋಡುವುದೇ ಮೇಲು. ಹೆಡ್‌ಸೆಟ್ ಇರುವುದು ಕಟ್ಟಡಕ್ಕೆ, ಬೀದಿಗೆ, ಕಣಿವೆಗೆ. ಎಂದರೆ ನಾವು ಒಳಗೆ ನಿಲ್ಲಬಹುದಾದ ಜಾಗಗಳಿಗೆ.

ಚಿತ್ರದ ಸ್ಪಷ್ಟತೆಯ ಬಗ್ಗೆ ಕೊಳ್ಳುವ ಮೊದಲೇ ತಿಳಿದಿರಬೇಕಾದ ಒಂದು ಲೆಕ್ಕವಿದೆ. 4ಕೆ ಎಂದು ಬರೆದಿರುವ 360 ಡಿಗ್ರಿ ವಿಡಿಯೊದಲ್ಲಿ ಅಡ್ಡಕ್ಕೆ 3840 ಪಿಕ್ಸೆಲ್‌ಗಳು, ಎಂದರೆ ಚಿತ್ರದ ಚುಕ್ಕೆಗಳು, ಇದ್ದರೂ ಅವು ನಮ್ಮ ಸುತ್ತಲಿನ ಪೂರ್ತಿ ವೃತ್ತಕ್ಕೆ ಹಂಚಿಹೋಗಿರುತ್ತವೆ. ಕಣ್ಣ ಮುಂದೆ ಒಮ್ಮೆಗೆ ಸುಮಾರು 90 ಡಿಗ್ರಿ ಬರುತ್ತದೆಂದುಕೊಂಡರೆ ನಮ್ಮ ಪಾಲಿಗೆ ಸಿಗುವುದು 960 ಪಿಕ್ಸೆಲ್ ಮಾತ್ರ. ಟಿವಿಯ 4ಕೆ ನೆನಪಿನಲ್ಲಿಟ್ಟುಕೊಂಡು ಕೂತವರಿಗೆ ಇದು ಮಸುಕಾಗಿ ಕಾಣುವುದು ಸಹಜ. 8ಕೆ ಇದ್ದರೆ ಸಮಾಧಾನ, ಆದರೆ ಅದಕ್ಕೆ ಇಂಟರ್‌ನೆಟ್ ವೇಗವೂ ಹೆಚ್ಚು ಬೇಕು. ನಾನು ಈಗ ವಿಡಿಯೊಗಳನ್ನು ರಾತ್ರಿಯೇ ಇಳಿಸಿಟ್ಟುಕೊಂಡು ಬೆಳಿಗ್ಗೆ ತೋರಿಸುತ್ತೇನೆ.

ತಲೆಸುತ್ತಿನ ವಿಷಯ ಹಿರಿಯರಿರುವ ಮನೆಯಲ್ಲಿ ಮುಖ್ಯ. ಕಣ್ಣು ನಾವು ಚಲಿಸುತ್ತಿದ್ದೇವೆ ಎನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ಕೂತಿದ್ದೇವೆ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ವಾಕರಿಕೆ ಬರುತ್ತದೆ. ಮೊದಲ ವಾರ ವಿಮಾನದಂತೆ ಹಾರುವ ದೃಶ್ಯ ತೋರಿಸಿ ಅಪ್ಪನನ್ನು ಅರ್ಧ ದಿನ ಮಲಗಿಸಿದ್ದು ನನ್ನದೇ ತಪ್ಪು. ತೇಲಿಕೊಂಡು ಹೋಗುವ ಚಲನೆಯನ್ನು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯುವ ಕ್ರಮವನ್ನು ಆರಿಸಿದ ಮೇಲೆ, ತಿರುಗುವ ಕುರ್ಚಿಯಲ್ಲಿ ಕೂರಿಸಿ ಇಪ್ಪತ್ತು ನಿಮಿಷಕ್ಕೆ ಮೀರದಂತೆ ನೋಡಿಕೊಂಡ ಮೇಲೆ ತೊಂದರೆಯಾಗಿಲ್ಲ. ಎರಡು ಲೆನ್ಸ್‌ಗಳ ಅಂತರವನ್ನು ಪ್ರತಿಯೊಬ್ಬರ ಕಣ್ಣಿಗೆ ತಕ್ಕಂತೆ ಸರಿಪಡಿಸುವುದನ್ನೂ ಮರೆಯಬಾರದು.

ನಮ್ಮ ಭಾಗದ ಬಿಸಿಲು ಇದಕ್ಕೆ ಆಗಿಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಹಾಕಿಕೊಂಡರೆ ಐದೇ ನಿಮಿಷದಲ್ಲಿ ಬೆವರಿನಿಂದ ಲೆನ್ಸ್ ಮಂಜಾಗುತ್ತದೆ. ಬೇಸಿಗೆಯಲ್ಲಿ ನಾವು ಬೆಳಗಿನ ಹೊತ್ತು ಮಾತ್ರ ಬಳಸುತ್ತೇವೆ. ಇದಕ್ಕಿಂತ ದೊಡ್ಡ ನಷ್ಟ ಮೊದಲ ವರ್ಷವೇ ಆಯಿತು. ಲೆನ್ಸ್ ಮೇಲ್ಮುಖವಾಗಿರುವಂತೆ ಕಿಟಕಿಯ ಹತ್ತಿರ ಇಟ್ಟು ಮರೆತಾಗ, ಲೆನ್ಸ್ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪರದೆಯ ಮೇಲೆ ಹಳದಿ ಚುಕ್ಕೆಯನ್ನು ಸುಟ್ಟಿತು. ದುರಸ್ತಿಗೆ ಊರಿನಲ್ಲಿ ವ್ಯವಸ್ಥೆ ಇರಲಿಲ್ಲ, ವಾರಂಟಿಯೂ ಒಪ್ಪಲಿಲ್ಲ. ಆ ಚುಕ್ಕೆ ಇಂದಿಗೂ ಎಡಗಣ್ಣಿನ ಮೂಲೆಯಲ್ಲಿದೆ. ಬಳಸಿದ ಕೂಡಲೇ ಬಟ್ಟೆ ಮುಚ್ಚಿ ಡಬ್ಬಿಯಲ್ಲಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅವ್ವ ಬಳಸುವುದು ತಿಂಗಳಿಗೊಮ್ಮೆ, ಕಾಶಿಯ ಗಂಗಾ ಆರತಿಗೆ ಮಾತ್ರ. ಹೆಡ್‌ಸೆಟ್ ಕಟ್ಟುವ ಮೊದಲು ಪ್ರತಿ ಸಲವೂ ಚಪ್ಪಲಿ ಕಳಚಿ ಕುರ್ಚಿಯಿಂದ ದೂರ ಸರಿಸುತ್ತಾಳೆ. "ದರ್ಶನಕ್ಕ ಹೊಂಟೀನಿ, ಕಾಲಾಗ ಚಪ್ಪಲ್ ಇರಬಾರ್ದು" ಎನ್ನುತ್ತಾಳೆ. ಆರತಿ ಮುಗಿಯುವವರೆಗೂ ಅವಳ ಕೈಗಳು ಮುಗಿದೇ ಇರುತ್ತವೆ.

ದೊಡ್ಡ ಕೊರತೆಯೆಂದರೆ ನಮ್ಮ ಕಡೆಯ ಊರುಗಳು ಇದರೊಳಗೆ ಕಡಿಮೆ ಇದ್ದದ್ದು. ಬೀದಿಗಳನ್ನು ಸುತ್ತಲೂ ತಿರುಗಿ ನೋಡಲು ಬಿಡುವ ಗೂಗಲ್ ಮ್ಯಾಪ್‌ನ ಸ್ಟ್ರೀಟ್ ವ್ಯೂ 2007ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2022ರ ಜುಲೈನಲ್ಲಿ ಭಾರತದ ಹತ್ತು ನಗರಗಳಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಕರ್ನಾಟಕದಿಂದ ಇದ್ದದ್ದು ಬೆಂಗಳೂರೊಂದೇ. ಸ್ಪೇನಿನ ಗಲ್ಲಿಗಳಲ್ಲಿ ಅಡ್ಡಾಡಿಬಂದ ಅಪ್ಪ ತಮ್ಮ ಹುಟ್ಟೂರಿನ ಅಗಸಿ ನೋಡಬೇಕೆಂದಾಗ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅದಕ್ಕಾಗಿ 360 ಡಿಗ್ರಿ ಕ್ಯಾಮೆರಾ ಒಂದನ್ನು ಬಾಡಿಗೆಗೆ ತಂದು ಅಗಸಿಯ ಚಿತ್ರ ತೆಗೆದು ನಾನೇ ಮ್ಯಾಪ್‌ಗೆ ಏರಿಸಿದೆ. ಯಾರು ಬೇಕಾದರೂ ಇದನ್ನು ಮಾಡಬಹುದು, ಮಾಡಬೇಕು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪಟ್ಟಿಯಲ್ಲಿ ಮುಂದಿರುವುದು ಉಜ್ಬೇಕಿಸ್ತಾನದ ಸಮರ್ಕಂದ್. ಅಲ್ಲಿ 1420ರಲ್ಲಿ ಪೂರ್ಣಗೊಂಡ ಉಲುಗ್ ಬೇಗ್ ಮದರಸಾವನ್ನು ನೋಡುವ ಮೊದಲು, 1472ರಲ್ಲಿ ಬೀದರಿನಲ್ಲಿ ಕಟ್ಟಿದ, ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾದ ಎದುರು, ಅಳಿದುಳಿದ ನೀಲಿ ಹೆಂಚುಗಳ ಮುಂದೆ ಇನ್ನೊಮ್ಮೆ ನಿಲ್ಲಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. ಬೀದರಿಗೆ ಈಗ ನೇರ ರೈಲಿದೆ, ಮೊಣಕಾಲು ಅಷ್ಟು ದೂರಕ್ಕೆ ಒಪ್ಪುತ್ತದೆ ಎಂದು ವೈದ್ಯರೂ ಹೇಳಿದ್ದಾರೆ. ದೀಪಾವಳಿ ಮುಗಿದ ಮೇಲೆ ಹೊರಡುತ್ತೇವೆ.