ಮನಾಲಿಯಲ್ಲಿ ಇಳಿದ ದಿನವೇ ಚಂದ್ರತಾಲಕ್ಕೆ ಹತ್ತಬೇಡಿ

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಫೋನಿನಲ್ಲಿ ಒಂದು ಪೋಸ್ಟರ್ ತೋರಿಸಿದಳು. ಹಿಮಾಲಯದ ಚಂದ್ರತಾಲ ಸರೋವರ, ಆರು ದಿನದ ಪ್ಯಾಕೇಜು, ಚಿಕ್ಕಮಗಳೂರಿನಿಂದಲೇ ಕರೆದುಕೊಂಡು ಹೋಗಿ ಬರುತ್ತಾರಂತೆ. ಅವಳೂ ಅವಳ ಇಬ್ಬರು ಗೆಳತಿಯರೂ ಮುಂಗಡ ಕಟ್ಟಿಯಾಗಿದೆ. ಚಿತ್ರದಲ್ಲಿದ್ದ ಆ ನೀಲಿ ನೀರು ನೋಡಿದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಹೋದ ಸೆಪ್ಟೆಂಬರಿನಲ್ಲಿ ಅದೇ ನೀರಿನ ಹತ್ತಿರ ನನ್ನ ತಮ್ಮ ಸತ್ತೇ ಹೋಗುತ್ತಿದ್ದ.

ನಾವು ಐದು ಜನ ಹೋಗಿದ್ದು: ನಾನು, ನಮ್ಮ ಯಜಮಾನರು, ತಮ್ಮ, ಅವನ ಹೆಂಡತಿ, ಚಿಕ್ಕಪ್ಪನ ಮಗಳು. ಕಾಫಿ ಕೊಯ್ಲು ಶುರುವಾಗೋ ಮುಂಚೆ ಒಂದು ವಾರ ಬಿಡುವು ಮಾಡಿಕೊಂಡಿದ್ದೆವು. ಚಳಿಗೆ ಸ್ವೆಟರು, ಟೋಪಿ, ಕಾಲುಚೀಲ ಎಲ್ಲ ಸರಿಯಾಗಿಯೇ ಕಟ್ಟಿಕೊಂಡಿದ್ದೆವು. ಎತ್ತರದ ಬಗ್ಗೆ ಮಾತ್ರ ಒಬ್ಬರೂ ಯೋಚನೆ ಮಾಡಲಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು, ಗುಡ್ಡ ನಮಗೇನು ಹೊಸದಾ ಅನ್ನೋ ಧೈರ್ಯ. ತಮ್ಮನಂತೂ ಸರ್ಪದಾರಿಯಲ್ಲಿ ಓಡಿಕೊಂಡೇ ಮುಳ್ಳಯ್ಯನಗಿರಿ ಹತ್ತುವವನು. ಬೀಡಿ ಇಲ್ಲ, ಸಿಗರೇಟಿಲ್ಲ, ಬಿಪಿ ಶುಗರ್ ಹೆಸರೇ ಇಲ್ಲ. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಆಳು ಅವನೇ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಮುಳ್ಳಯ್ಯನಗಿರಿ ನಮ್ಮ ರಾಜ್ಯಕ್ಕೇ ಎತ್ತರದ ಶಿಖರ, 1,930 ಮೀಟರ್. ಮನಾಲಿ ಪೇಟೆ ಇರುವುದೇ ಸುಮಾರು 2,050 ಮೀಟರ್ ಮೇಲೆ. ಅಂದರೆ ಅಲ್ಲಿ ಬಸ್ಸಿಳಿದು ಟೀ ಕುಡಿಯುವ ಜಾಗವೇ ನಮ್ಮ ಬೆಟ್ಟದ ತುದಿಗಿಂತ ಮೇಲಿದೆ. ಚಂದ್ರತಾಲ ಸುಮಾರು 4,250 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತು ಪಾಲು ಮಾತ್ರ.

ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬೆಳಗ್ಗೆ ಮನಾಲಿ ಮುಟ್ಟಿದೆವು. ಸ್ನಾನ, ತಿಂಡಿ ಮುಗಿಸಿದ ಕೂಡಲೇ ಟೆಂಪೋ ಟ್ರಾವೆಲರ್ ಹತ್ತಿಸಿದರು. 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದ್ದೇ ಗೊತ್ತಾಗಲಿಲ್ಲ. 2020ರಲ್ಲಿ ಅದು ತೆರೆಯುವ ಮುಂಚೆ ರೋಹ್ತಾಂಗ್ ಕಣಿವೆ ಹತ್ತಿಳಿದೇ ಹೋಗಬೇಕಿತ್ತು. ಈಗ ದಾರಿ ಸಲೀಸಾಗಿದೆ, ಆದರೆ ಮೈ ಒಗ್ಗಿಕೊಳ್ಳೋದಕ್ಕೆ ಬೇಕಾದ ದಿನಗಳು ಮೊದಲಿನಷ್ಟೇ ಇವೆ. ಗ್ರಾಂಫು, ಛತ್ರು, ಬಾತಲ್ ದಾಟಿ, ಕಲ್ಲುದಾರಿಯಲ್ಲಿ ಕುಲುಕಿಸಿಕೊಂಡು ಸಂಜೆ ಹೊತ್ತಿಗೆ ಕ್ಯಾಂಪಿಗೆ ಬಂದೆವು. ಒಂದೇ ದಿನದಲ್ಲಿ 2,200 ಮೀಟರ್ ಮೇಲೆ! 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಅಂತ ವೈದ್ಯರು ಹೇಳುತ್ತಾರೆ. ದುಡ್ಡು ತೆಗೆದುಕೊಂಡವರು ಈ ಮಾತು ನಮಗೆ ಒಂದು ಸಲವೂ ಹೇಳಲಿಲ್ಲ.

ಮೊದಲ ರಾತ್ರಿ ಐದೂ ಜನಕ್ಕೆ ತಲೆ ಸಿಡಿಯುತ್ತಿತ್ತು. ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಕ್ಯಾಂಪಿನವರು ಬೆಳ್ಳುಳ್ಳಿ ಸೂಪ್ ಕೊಟ್ಟು, ಎಲ್ಲರಿಗೂ ಹೀಗೇ ಆಗುತ್ತೆ, ಬೆಳಗ್ಗೆ ಸರಿ ಹೋಗುತ್ತೆ ಅಂದರು. ನಮಗೆ ಬೇಕಾಗಿದ್ದೂ ಅದೇ ಮಾತು. ನಂಬಿದೆವು.

ಬೆಳಗ್ಗೆ ನೋಡಿದ ಸರೋವರ ಎಷ್ಟು ಚೆಂದ ಇತ್ತು ಅನ್ನೋದನ್ನೂ ಹೇಳಬೇಕು, ಯಾಕೆಂದರೆ ಆ ಚೆಂದವೇ ನಮ್ಮ ಬುದ್ಧಿ ಮಂಕು ಮಾಡಿತು. ಅರ್ಧಚಂದ್ರನ ಹಾಗೆ ಬಾಗಿದ ನೀರು, ಸುತ್ತ ಒಂದು ಮರವಿಲ್ಲದ ಬೋಳು ಬೆಟ್ಟ, ತುದಿಯಲ್ಲಿ ಹಿಮ. ನಮ್ಮ ಹಿರೇಕೊಳಲೆ ಕೆರೆ ಏರಿ ಮೇಲೆ ನಿಂತರೆ ಸುತ್ತಲೂ ಹಸಿರು, ಇಲ್ಲಿ ಹಸಿರೆಲ್ಲ ನೀರಿನೊಳಗೇ ಇದೆ. ಬಿಸಿಲು ಏರಿದ ಹಾಗೆ ಹಸಿರು ನೀಲಿಯಾಗುತ್ತೆ. ಧರ್ಮರಾಯನನ್ನು ಸ್ವರ್ಗಕ್ಕೆ ಕರೆದೊಯ್ಯಲು ಇಂದ್ರನ ರಥ ಬಂದಿದ್ದು ಇಲ್ಲಿಗೇ ಅಂತ ಅಲ್ಲಿಯವರ ನಂಬಿಕೆ. ತಮ್ಮ ದಡದುದ್ದಕ್ಕೂ ಓಡಿದ. ಆಮೇಲೆ ಸೊಂಟದ ತನಕ ನೀರಿಗಿಳಿದು ಮುಳುಗು ಹಾಕಿ ಎದ್ದ. ಎದ್ದವನಿಗೆ ಉಸಿರು ಸಿಕ್ಕಿಕೊಂಡು ಮಾತೇ ಹೊರಡಲಿಲ್ಲ. ನಾವು ಚಪ್ಪಾಳೆ ತಟ್ಟಿ ಫೋಟೋ ತೆಗೆದೆವು. ಒಗ್ಗದ ಎತ್ತರದಲ್ಲಿ ದಣಿವು, ಚಳಿ ಎರಡೂ ಶ್ವಾಸಕೋಶದ ರಕ್ತನಾಳಗಳ ಮೇಲೆ ಒತ್ತಡ ಹೆಚ್ಚಿಸುತ್ತವೆ ಅಂತ ಆಮೇಲೆ ಆಸ್ಪತ್ರೆಯಲ್ಲಿ ತಿಳಿಯಿತು. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ನೋಡುವುದಕ್ಕೂ ಆಗುತ್ತಿಲ್ಲ, ಅಳಿಸುವುದಕ್ಕೂ ಆಗುತ್ತಿಲ್ಲ.

ಸಂಜೆಯಿಂದ ಒಣಕೆಮ್ಮು. ಟೆಂಟಿನಿಂದ ಊಟದ ಜಾಗಕ್ಕೆ ಹತ್ತು ಹೆಜ್ಜೆ ಬರುವಷ್ಟರಲ್ಲಿ ಕೂತುಬಿಟ್ಟ. ಸರ್ಪದಾರಿ ಓಡಿ ಹತ್ತುವ ಹುಡುಗ! ಆಗಲೇ ನಮಗೆ ಅರ್ಥವಾಗಬೇಕಿತ್ತು. ರಾತ್ರಿ ಹನ್ನೆರಡೂವರೆಗೆ ಅವನ ಹೆಂಡತಿ ನಮ್ಮ ಟೆಂಟಿಗೆ ಓಡಿ ಬಂದಳು. "ಅಕ್ಕಾ, ಇವರಿಗೆ ಮಲಗೋಕೇ ಆಗ್ತಿಲ್ಲ, ಬನ್ನಿ." ಹೋಗಿ ನೋಡಿದರೆ ಕೂತೇ ಏದುಸಿರು ಬಿಡುತ್ತಿದ್ದ. ಬೆನ್ನಿಗೆ ಕಿವಿಯಿಟ್ಟರೆ ಒಳಗೆ ಗೊರಗೊರ ಸದ್ದು. ಟಾರ್ಚಿನ ಬೆಳಕಿಗೆ ತುಟಿ ನೇರಳೆ ಬಣ್ಣ. ಕೆಮ್ಮಿದಾಗ ಟವೆಲ್ಲಿನ ಮೇಲೆ ತಿಳಿಗೆಂಪು ನೊರೆ ಬಿತ್ತು.

ಗಾಡಿಯಲ್ಲಿ ಆಕ್ಸಿಜನ್ ಇರುತ್ತೆ ಅಂತ ಬುಕಿಂಗ್ ಮಾಡುವಾಗ ಹೇಳಿದ್ದರು. ಇತ್ತು, ಸೊಳ್ಳೆ ಔಷಧಿ ಡಬ್ಬದಷ್ಟು ದೊಡ್ಡ ಒಂದು ಕ್ಯಾನು. ಹತ್ತು ನಿಮಿಷಕ್ಕೆ ಮುಗಿಯಿತು. ಫೋನಿಗೆ ಸಿಗ್ನಲ್ ಇಲ್ಲ. ನಮ್ಮ ಜೊತೆ ಬಂದಿದ್ದ ಟೂರಿನ ಹುಡುಗ, ಬೆಳಕು ಹರಿಯಲಿ, ರಾತ್ರಿ ಈ ದಾರಿಯಲ್ಲಿ ಗಾಡಿ ಓಡಿಸೋದು ಅಪಾಯ ಅಂದ. ನಮ್ಮನ್ನು ಉಳಿಸಿದ್ದು ಡ್ರೈವರ್. ಲಾಹೌಲಿನವರು, ವಯಸ್ಸಾದವರು. ಟವೆಲ್ ನೋಡಿದರು, ಎರಡನೇ ಮಾತಾಡಲಿಲ್ಲ, ಗಾಡಿ ಸ್ಟಾರ್ಟ್ ಮಾಡಿದರು. ಇದಕ್ಕೆ ಔಷಧಿ ಅಂದರೆ ಕೆಳಗಿಳಿಯೋದು, ಈಗಲೇ ಇಳಿಯಬೇಕು ಅಂದರು. ಹಗಲು ಬಿಸಿಲಿಗೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು ಮಧ್ಯಾಹ್ನದ ಮೇಲೆ ತುಂಬಿಕೊಳ್ಳುತ್ತವೆ, ರಾತ್ರಿಯ ಚಳಿಗೆ ನೀರು ಇಳಿದಿರುತ್ತೆ, ಹಾಗಾಗಿ ದಾಟುವುದಕ್ಕೂ ಇದೇ ಹೊತ್ತು ಒಳ್ಳೆಯದು ಅಂತ ಆಮೇಲೆ ವಿವರಿಸಿದರು. ಆ ನಾಲ್ಕೈದು ಗಂಟೆ ತಮ್ಮನನ್ನು ಎದೆಗೊರಗಿಸಿಕೊಂಡು ಕೂತಿದ್ದೆ. ನಮ್ಮಮ್ಮನಿಗೆ ಏನು ಹೇಳಲಿ ಅನ್ನೋದೊಂದೇ ತಲೆಯಲ್ಲಿ ಓಡುತ್ತಿತ್ತು. ಛತ್ರು ಹತ್ತಿರ ಬಂದಾಗ, ಅಲ್ಲಿಗೆ ಸುಮಾರು ಸಾವಿರ ಮೀಟರ್ ಇಳಿದಿದ್ದೆವು, "ಅಕ್ಕಾ, ನೀರು" ಅಂದ.

ಮನಾಲಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಆಕ್ಸಿಜನ್ ಮೇಲಿದ್ದ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು, ಇದಕ್ಕೆ ಹೇಪ್ ಅಂತಾರಂತೆ. ಹೆಚ್ಚಾಗಿ ಮೇಲೆ ಹೋದ ಎರಡನೇ ರಾತ್ರಿಯ ಸುಮಾರಿಗೆ ಕಾಣಿಸಿಕೊಳ್ಳುತ್ತೆ. ಗಟ್ಟಿ ಮೈ, ಚಿಕ್ಕ ವಯಸ್ಸು ಯಾವುದೂ ಇದನ್ನು ತಡೆಯುವುದಿಲ್ಲ. ಗಟ್ಟಿಗರು ತಲೆನೋವು ನುಂಗಿಕೊಂಡು ಓಡಾಡುತ್ತಾರೆ, ಅವರಿಗೇ ಅಪಾಯ ಜಾಸ್ತಿ ಅಂತ ನನಗೆ ಈಗ ಅನ್ನಿಸುತ್ತೆ.

ಹೋಗಲೇಬೇಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಹೋಗುವುದಿದ್ದರೆ ಶಿಮ್ಲಾ ಕಡೆಯಿಂದ ಕಲ್ಪಾ, ತಾಬೋ, ಕಾಜಾ ಅಂತ ದಿನಾ ಸ್ವಲ್ಪ ಸ್ವಲ್ಪ ಏರಿ, ಸರೋವರವನ್ನು ಕೊನೆಗಿಟ್ಟುಕೊಳ್ಳಿ. ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಯಾವ ರಾತ್ರಿ ಎಲ್ಲಿ ಮಲಗುತ್ತೇವೆ, ಆ ಜಾಗ ಎಷ್ಟು ಮೀಟರ್ ಎತ್ತರ? ಬರೆದು ಕೊಡಲಿ. ಊರಿನಲ್ಲೇ ವೈದ್ಯರನ್ನು ಕಂಡು, ಎತ್ತರಕ್ಕೆ ಮೈ ಒಗ್ಗಿಕೊಳ್ಳೋದಕ್ಕೆ ನೆರವಾಗುವ ಡಯಾಮಾಕ್ಸ್ ಮಾತ್ರೆ ಬೇಕಾ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಮೇಲೆ ಹೋದಾಗ ತಲೆನೋವಿದ್ದರೆ ಇನ್ನೂ ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡೆಯುವಾಗ ಕುಡಿದವರ ಹಾಗೆ ತೂರಾಡಿದರೆ, ಮಾತು ತೊದಲಿದರೆ, ಎಷ್ಟೇ ರಾತ್ರಿಯಾಗಿರಲಿ ಇಳಿಯಿರಿ. ಯಾರು ಏನೇ ಅಂದರೂ ಬೆಳಗಾಗಲಿ ಅಂತ ಕಾಯಬೇಡಿ.

ತಮ್ಮ ಈಗ ಆರಾಮಾಗಿದ್ದಾನೆ, ತೋಟದ ಕೆಲಸ ಮಾಡಿಕೊಂಡಿದ್ದಾನೆ. ನಮ್ಮ ಬೀದಿಯ ಹುಡುಗಿ ನಿನ್ನೆ ಆ ಪ್ರಶ್ನೆಯನ್ನು ಪ್ಯಾಕೇಜಿನವರಿಗೆ ಕೇಳಿದಳಂತೆ. ಮೊದಲ ರಾತ್ರಿಯೇ ಚಂದ್ರತಾಲ, ಎತ್ತರದ ತಲೆಬಿಸಿ ನೀವು ಮಾಡಿಕೊಳ್ಳಬೇಡಿ ಮೇಡಂ ಅಂದರಂತೆ. ಅವಳು ಮುಂಗಡ ಹೋದರೆ ಹೋಗಲಿ ಅಂತ ಬಿಟ್ಟಳು. ಅವಳ ಗೆಳತಿಯರಿಬ್ಬರು ಇನ್ನೂ ಹೊರಡುವ ಯೋಚನೆಯಲ್ಲೇ ಇದ್ದಾರೆ. ಅವರಿಗೆ ಇದನ್ನು ಇವತ್ತೇ ಕಳಿಸುತ್ತಿದ್ದೇನೆ.