ಗೋಮಾಳಕ್ಕೆ ಅಡ್ವಾನ್ಸ್ ಕೊಟ್ಟು ಬಂದೆ: ಕೊಲೊರಾಡೊ ಶಿಕಾರಿಗೆ ಹೊರಡುವ ಮುನ್ನ ಇದನ್ನು ಓದಿ

5,400 ಡಾಲರ್. ಅಂಕಿಯನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಕೈ ಬರುವುದಿಲ್ಲ. ಯಾರು ಬೇಕಾದರೂ ಹೋಗಿ ಪುಕ್ಕಟೆಯಾಗಿ ಟೆಂಟ್ ಹಾಕಿಕೊಳ್ಳಬಹುದಾದ ಸರ್ಕಾರಿ ಕಾಡಿನಲ್ಲಿ, ರಸ್ತೆಯ ಪಕ್ಕದಲ್ಲಿ, ಅದೂ ನಮ್ಮ ಲೈಸೆನ್ಸ್ ನಡೆಯದ ಜಾಗದಲ್ಲಿ ಒಂದು ರಾತ್ರಿ ಮಲಗಿ ಎದ್ದು ಬಂದದ್ದಕ್ಕೆ ನಾವು ಮೂವರು ತೆತ್ತ ಹಣ ಇದು. ಮೂವರೂ ಓದಿದವರು. ಅದರಲ್ಲೂ ನಾನು ಮೂಡಿಗೆರೆ ಕಡೆಯವನು. ಯಾವುದು ಹಿಡುವಳಿ, ಯಾವುದು ಗೋಮಾಳ, ಯಾವುದು ಫಾರೆಸ್ಟು ಎಂಬ ಜಗಳವನ್ನು ಕೇಳುತ್ತಲೇ ಬೆಳೆದವನು. ನನಗೇ ಹೀಗಾಯಿತು. ಬರುವ ವರ್ಷ ಹೊರಡುವ ಲೆಕ್ಕಾಚಾರದಲ್ಲಿರುವ ಕನ್ನಡದವರು ಅಮೆರಿಕದಲ್ಲಿ ಕೆಲವರಾದರೂ ಇದ್ದೀರಿ, ನನಗೆ ಗೊತ್ತು. ಅದಕ್ಕೇ ಮಾನ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ಅಜ್ಜನ ಬಳಿ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ಕೋವಿ ಇತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದು ಬಹಳ ವರ್ಷಗಳಾಗಿದ್ದವು. ಶಿಕಾರಿ ಎಂಬುದು ಜಗಲಿಯ ಮೇಲಿನ ಕಥೆಯಾಗಿ ಉಳಿದಿತ್ತು. ಆ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತಿತ್ತು, ಅಷ್ಟೇ ಅದರ ತಿರುಗಾಟ. ಡಲ್ಲಾಸಿಗೆ ಬಂದ ಮೇಲೆ, ಇಲ್ಲಿ ಲೈಸೆನ್ಸ್ ಪಡೆದು ಜಿಂಕೆ ಹೊಡೆಯುವುದು ಕಾನೂನಿಗೆ ಒಪ್ಪಿದ ವಿಷಯ ಎಂದು ತಿಳಿದಾಗ ಆಸೆ ಹುಟ್ಟಿತು. ಆದರೆ ಟೆಕ್ಸಸ್‌ನಲ್ಲಿ ಶೇಕಡಾ ತೊಂಬತ್ತಕ್ಕೂ ಹೆಚ್ಚು ಭೂಮಿ ಖಾಸಗಿಯವರದು. ಯಾರದೋ ರ‍್ಯಾಂಚಿಗೆ ಲೀಸ್ ಹಣ ಕಟ್ಟಿದರೆ ಮಾತ್ರ ಒಳಗೆ ಪ್ರವೇಶ. ಐದು ವರ್ಷ ಹಾಗೆ ಕಟ್ಟಿ ಕಟ್ಟಿ, ಕಾಡಿಗೆ ಕಾಲಿಡಬೇಕಾದರೆ ಯಾರಿಗಾದರೂ ಹಣ ಕೊಡಲೇಬೇಕು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬೇಟೆ ಕ್ಯಾಂಪ್ ಹಾಕಿಕೊಡುತ್ತೇನೆಂದು ನಮ್ಮ ಹಣ ಪಡೆದ ಮನುಷ್ಯ ಹಿಡಿದದ್ದು ನನ್ನ ಇದೇ ಜುಟ್ಟನ್ನು.

ಕೊಲೊರಾಡೊದಲ್ಲಿ ಜಿಂಕೆಗೆ ಅಂಗಡಿಗೆ ಹೋಗಿ ಲೈಸೆನ್ಸ್ ಕೊಳ್ಳಲಾಗುವುದಿಲ್ಲ. ಏಪ್ರಿಲ್ ಆರಂಭದೊಳಗೆ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು, ಸಿಗದಿದ್ದರೆ ಮುಂದಿನ ಲಾಟರಿಯಲ್ಲಿ ಆದ್ಯತೆ ಕೊಡುವ ಪಾಯಿಂಟ್ ಕೂಡಿಸಿಕೊಂಡು ಮುಂದಿನ ವರ್ಷ ನೋಡಬೇಕು. ಹೊರರಾಜ್ಯದವರಿಗೆ ಒಂದು ಟ್ಯಾಗ್‌ಗೆ, ಅಂದರೆ ಒಂದು ಜಿಂಕೆ ಹೊಡೆಯುವ ಲೈಸೆನ್ಸಿಗೆ, ನಾನೂರು ಡಾಲರ್‌ಗೂ ಹೆಚ್ಚು. ಇದೆಲ್ಲವನ್ನೂ ನಾನು ಸರಿಯಾಗಿಯೇ ಮಾಡಿದ್ದೆ. ನನಗೂ ನನ್ನ ಭಾವಮೈದುನನಿಗೂ ಎರಡನೆಯ ರೈಫಲ್ ಹಂಗಾಮಿಗೆ, ಅಂದರೆ ಅಕ್ಟೋಬರ್ ಕೊನೆಗೆ, ಮ್ಯೂಲ್ ಡಿಯರ್ ಎಂಬ ಜಾತಿಯ ಗಂಡು ಜಿಂಕೆಯ ಟ್ಯಾಗ್ ಸಿಕ್ಕಿತು. ಮೂರನೆಯವನು ಸಾಗರದ ಗೆಳೆಯ, ಶುದ್ಧ ಸಸ್ಯಾಹಾರಿ. ಕೋವಿ ಮುಟ್ಟುವುದಿಲ್ಲ, ಆದರೆ ಬೆಂಕಿಯ ಮುಂದೆ ಕೂರುವುದೆಂದರೆ ಪ್ರಾಣ. ಅಡುಗೆ ತನ್ನದು ಎಂದು ಹೊರಟ. ಗಮನಿಸಿ, ಬೇಟೆಯಾಡದ ಅವನಿಗೂ ಆ ಮನುಷ್ಯ ತಲೆಗೆ 1,800 ಡಾಲರ್ ಎಂದೇ ಲೆಕ್ಕ ಹಾಕಿದ. ಆಗಲೂ ನನಗೆ ಅನುಮಾನ ಬರಲಿಲ್ಲ.

ಆತ ಸಿಕ್ಕಿದ್ದು ಜಾಹೀರಾತಿನಲ್ಲಿ. ಹಿಮ ಬಿದ್ದ ಗುಡ್ಡ, ಬಿಳಿ ಕ್ಯಾನ್ವಾಸ್ ಟೆಂಟ್, ಹೊಗೆ ಬಿಡುವ ಕೊಳವೆ, ಪಕ್ಕದಲ್ಲಿ ಎರಡು ಕುದುರೆಗಳಿದ್ದ ಚಿತ್ರ. ಇಂಥದ್ದಕ್ಕೆ ಡ್ರಾಪ್ ಕ್ಯಾಂಪ್ ಎನ್ನುತ್ತಾರೆ. ಕುದುರೆಯ ಮೇಲೆ ಸಾಮಾನು ಹೇರಿ ಕಾಡಿನ ಒಳಗೆ ಬಿಟ್ಟು ಬರುತ್ತಾರೆ. ಟೆಂಟ್, ಸೌದೆ ಒಲೆ, ಮಂಚ, ಸೀಳಿದ ಸೌದೆ ಎಲ್ಲ ಅವರದೇ. ಜಿಂಕೆ ಬಿದ್ದರೆ ಕುದುರೆ ತಂದು ಮಾಂಸ ಹೊತ್ತುಕೊಂಡು ಹೋಗುತ್ತಾರೆ. ಪ್ರಾಮಾಣಿಕವಾಗಿ ಇದನ್ನು ಮಾಡುವವರು ಎಷ್ಟೋ ಜನ ಇದ್ದಾರೆ, ಹಣವೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ಆದ್ದರಿಂದ ದರ ಕೇಳಿ ನಾನು ಬೆಚ್ಚಲಿಲ್ಲ. ಐದು ಮೈಲಿ ಒಳಗೆ, ಸುತ್ತ ಬೇರೆ ನರಮನುಷ್ಯ ಇಲ್ಲ ಎಂದ. ನಮ್ಮ ಟ್ಯಾಗ್ ಯಾವ ಯೂನಿಟ್‌ನದು, ಅಂದರೆ ಯಾವ ಬೇಟೆ ವಲಯದ್ದು, ಎಂದು ಬರೆದು ಕಳಿಸಿದೆ. "ನನ್ನ ಅಂಗಳ ಅದು" ಎಂದು ಉತ್ತರ ಬಂತು.

ಕರಾರುಪತ್ರ ಕಳಿಸುತ್ತೀರಾ ಎಂದು ನಾನು ಕೇಳಿದ್ದೆ. ಕೇಳಲಿಲ್ಲ ಎಂದಲ್ಲ, ಕೇಳಿದ್ದೆ. ಅದಕ್ಕೆ ಆತ ಹೇಳಿದ: "ನಿಮ್ಮ ಅಜ್ಜ ಶಿಕಾರಿಗೆ ಹೋಗುವಾಗ ಕಾಗದಕ್ಕೆ ಸಹಿ ಹಾಕುತ್ತಿದ್ದರೇ? ನಮ್ಮದೂ ಅಂಥದ್ದೇ ಮನೆತನ. ಕೈ ಕುಲುಕಿದರೆ ಮುಗಿಯಿತು." ಅಜ್ಜನ ಕಥೆಯನ್ನು ಹಿಂದಿನ ಕರೆಯಲ್ಲಿ ನಾನೇ ಹೇಳಿದ್ದೆ. ಅದನ್ನೇ ಎತ್ತಿ ನನ್ನ ಮೇಲೆ ಹೊರಿಸಿದ. ನಾನು ಉಬ್ಬಿಹೋದೆ. ಬಾಯಿ ಮಾತಿಗೆ ಬೆಲೆ ಕೊಡುವ ಜನ ಇಲ್ಲೂ ಇದ್ದಾರೆ ನೋಡು ಎಂದು ಹೆಂಡತಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ಅರಣ್ಯ ಇಲಾಖೆಯ ಪರ್ಮಿಟ್ ಇದೆಯೇ ಎಂದು ಕೇಳಿದ್ದಕ್ಕೆ, "ಅದು ನನ್ನ ತಲೆನೋವು, ನೀವು ಬೆಚ್ಚನೆಯ ಕಾಲುಚೀಲ ತನ್ನಿ ಸಾಕು" ಎಂದ. ಮೂವರೂ ನಕ್ಕೆವು. ಅರ್ಧ ಹಣ, 2,700 ಡಾಲರ್, ಅದೇ ರಾತ್ರಿ ಮೊಬೈಲಿನಿಂದ ಹೋಯಿತು.

ಸುಮಾರು ಸಾವಿರ ಮೈಲಿ ಕಾರು ಓಡಿಸಿಕೊಂಡು ಶುಕ್ರವಾರ ಮಧ್ಯಾಹ್ನ ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ಆತ ಹೇಳಿದ ಜಾಗ ತಲುಪಿದೆವು. ಆತ ಇಲ್ಲ. ಕುದುರೆಯೂ ಇಲ್ಲ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಪಿಕಪ್‌ಗೆ ಒರಗಿ ನಿಂತಿದ್ದ, ಆತನ ಅಕ್ಕನ ಮಗನಂತೆ. ಕುದುರೆಯ ಕಾಲು ಉಳುಕಿದೆ ಎಂದ. ಎರಡಕ್ಕೂ? ಹೌದು, ಎರಡಕ್ಕೂ. "ಮಾವ ಬಾಕಿ ಹಣ ಮೊದಲು ತೆಗೆದುಕೊಳ್ಳಲು ಹೇಳಿದ್ದಾರೆ." ಭಾವಮೈದುನ ನನ್ನ ತೋಳು ಹಿಡಿದು, "ಭಾವ, ಮೊದಲು ಕ್ಯಾಂಪ್ ನೋಡೋಣ" ಎಂದ. ನಾನು ಕೇಳಲಿಲ್ಲ. ಕತ್ತಲಾಗುತ್ತಿದೆ, ಹುಡುಗನ ಹತ್ತಿರ ಏನು ಚೌಕಾಸಿ ಎಂದು ನೋಟು ಎಣಿಸಿ ಕೊಟ್ಟೆ. ಅವನು ಮತ್ತೊಮ್ಮೆ ಎಣಿಸಿಕೊಂಡ.

ಆಮೇಲೆ ಅವನ ಪಿಕಪ್ ಹಿಂದೆ ಹೋದದ್ದು ಹತ್ತು ನಿಮಿಷ. ಐದು ಮೈಲಿ ಕಾಲುದಾರಿ ಅಲ್ಲ, ಮಣ್ಣು ರಸ್ತೆ. ರಸ್ತೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ ಒಂದು ಟೆಂಟ್. ಒಲೆಯ ಕೊಳವೆ ನಡುವೆ ಬಾಗಿತ್ತು. ಸೀಳಿದ ಸೌದೆ ಎಂದರೆ ಹಸಿ ಆಸ್ಪೆನ್ ಮರದ ತುಂಡುಗಳು, ಹೊತ್ತಿಸಿದರೆ ಹೊಗೆ ಮಾತ್ರ. ನಿರ್ಜನ ಎಂದಿದ್ದನಲ್ಲ, ನಮ್ಮ ಟೆಂಟ್ ಬಾಗಿಲಲ್ಲಿ ನಿಂತು ಎಣಿಸಿದರೆ ಏಳು ಕ್ಯಾಂಪ್ ಕಾಣುತ್ತಿದ್ದವು. ಸಂತೆ! ಹುಡುಗ ನಮ್ಮ ಸಾಮಾನನ್ನೂ ಇಳಿಸದೆ ಹೊರಟುಹೋದ.

ಈಗ ಬರುವುದೇ ನನಗೆ ರಾತ್ರಿ ನಿದ್ದೆಯಲ್ಲೂ ನೆನಪಾಗುವ ಭಾಗ. ಅಷ್ಟು ಎತ್ತರದಲ್ಲಿ ಬರೀ ಪಾತ್ರೆಯಲ್ಲಿ ಅನ್ನ ಬೇಗ ಬೇಯುವುದಿಲ್ಲ ಎಂದು ಸಾಗರದವನು ಪ್ರೆಶರ್ ಕುಕ್ಕರ್ ತಂದಿದ್ದ. ಅದು ಸೀಟಿ ಹೊಡೆಯಿತು. ಸೀಟಿ ಕೇಳಿ ಪಕ್ಕದ ಕ್ಯಾಂಪಿನಿಂದ ಎಪ್ಪತ್ತು ದಾಟಿದ ಒಬ್ಬ ಹಿರಿಯರು, ಏನೋ ಸಿಡಿಯಿತೇ ಎಂದು ಗಾಬರಿಯಾಗಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಚಿತ್ರಾನ್ನ ಕೊಟ್ಟೆವು. ಎರಡನೆಯ ಸಲ ಹಾಕಿಸಿಕೊಂಡರು. ಮಾತಿಗೆ ಮಾತು ಬಂತು. ನಿಮ್ಮ ಔಟ್‌ಫಿಟರ್, ಅಂದರೆ ಹಣ ಪಡೆದು ಕ್ಯಾಂಪ್ ಹಾಕಿಕೊಡುವವನು, ಎಷ್ಟು ತೆಗೆದುಕೊಂಡ ಎಂದು ನಾನು ಕೇಳಿದೆ, ನಮಗೇನಾದರೂ ಹೆಚ್ಚಾಯಿತೇ ಎಂದು ತಿಳಿಯುವ ಆಸೆ.

"ಯಾವುದಕ್ಕೆ?" ಎಂದರು.

ಈ ಜಾಗಕ್ಕೆ ಎಂದೆ.

"ಯಾರಿಗೆ ಕೊಡುವುದು?" ಎಂದರು. ವ್ಯಂಗ್ಯವಲ್ಲ. ನಿಜವಾಗಿಯೂ ಅರ್ಥವಾಗಿರಲಿಲ್ಲ ಅವರಿಗೆ. ಚಮಚ ಕೈಯಲ್ಲೇ ಇತ್ತು. "ಇದು ನ್ಯಾಷನಲ್ ಫಾರೆಸ್ಟ್. ಇದು ನಿಮ್ಮದೇ, ನನ್ನದೇ. ಹದಿನಾಲ್ಕು ದಿನದವರೆಗೆ ಯಾರೂ ಕೇಳುವುದಿಲ್ಲ." ಮೂವತ್ತು ವರ್ಷದಿಂದ ಅವರು ಅದೇ ತಿರುವಿನಲ್ಲಿ ಟೆಂಟ್ ಹಾಕುತ್ತಿದ್ದಾರಂತೆ, ಒಂದು ಡಾಲರ್ ಕೊಟ್ಟಿಲ್ಲ. ಎಷ್ಟು ಕೊಟ್ಟಿರಿ ಎಂದು ಅವರು ತಿರುಗಿ ಕೇಳಿದರು. ಸುಳ್ಳು ಹೇಳಿದೆ. ಐನೂರು ಎಂದೆ. ಅಷ್ಟಕ್ಕೇ ಅವರು ತಲೆ ತಗ್ಗಿಸಿ ತಟ್ಟೆ ನೋಡತೊಡಗಿದರು.

ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಟ್ಯಾಗ್ ನೋಡಿದ ಮೊಮ್ಮಗ ಫೋನಿನ ನಕ್ಷೆ ತೆರೆದು ತೋರಿಸಿದ. ಹಿಂದಿನ ಗುಡ್ಡದ ಏಣು ಇದೆಯಲ್ಲ, ಅದೇ ಎರಡು ಯೂನಿಟ್‌ಗಳ ಗಡಿ. ನಮ್ಮ ಟ್ಯಾಗ್ ನಡೆಯುವುದು ಆಚೆ ಬದಿಗೆ. ಈಚೆ ಬದಿಯಲ್ಲಿ ನಾವು ಒಂದು ಗುಂಡು ಹಾರಿಸಿದರೂ ಅಪರಾಧ. ಮೇಲುಡುಪು, ಟೋಪಿ ಎಲ್ಲ ಕಾನೂನಿನಂತೆ ಉರಿಯುವ ಕಿತ್ತಳೆ ಬಣ್ಣದಲ್ಲಿ ತಂದಿದ್ದೆವು, ಸೊಂಟದ ಮೇಲೆ 500 ಚದರ ಇಂಚು ಇರಬೇಕೆಂದು ಅಳತೆ ಮಾಡಿ ತಂದಿದ್ದೆವು. ಬಟ್ಟೆಯನ್ನು ಇಂಚಿನಲ್ಲಿ ಅಳೆದವನು ನಕ್ಷೆಯಲ್ಲಿ ಗೆರೆ ನೋಡಲಿಲ್ಲ.

ಮರುದಿನ ಹಂಗಾಮಿನ ಮೊದಲ ಬೆಳಿಗ್ಗೆ. ಸುತ್ತಲಿನವರೆಲ್ಲ ಕತ್ತಲಲ್ಲೇ ತಲೆದೀಪ ಹಚ್ಚಿಕೊಂಡು ಗುಡ್ಡ ಹತ್ತುತ್ತಿದ್ದರೆ ನಾವು ಪಾತ್ರೆ ಕಟ್ಟುತ್ತಿದ್ದೆವು. ರಸ್ತೆಯಲ್ಲಿ ಅರವತ್ತು ಮೈಲಿ ಸುತ್ತಿ ಆಚೆ ಬದಿಗೆ ಹೋಗಿ, ಸಾಗರದವನ ಸಣ್ಣ ನೈಲಾನ್ ಟೆಂಟಿನಲ್ಲಿ ಮೂವರು ಒಬ್ಬರ ಮೇಲೊಬ್ಬರು ಬಿದ್ದುಕೊಂಡೆವು. ಭಾನುವಾರ ಮತ್ತು ಸೋಮವಾರ ನಡೆದದ್ದೇ ನಡೆದದ್ದು. ಹೆಣ್ಣು ಜಿಂಕೆಗಳು ಕಂಡವು, ಮರಿ ಕಂಡವು, ಕೊಂಬಿನದು ಒಂದೂ ಇಲ್ಲ. ಮಂಗಳವಾರ ಹಿಮ ಸುರಿಯಿತು, ವಾಪಸಾದೆವು. ಬೇಟೆ ಸಿಗದ್ದಕ್ಕೆ ನನಗೆ ಬೇಸರವಿಲ್ಲ, ಕಾಡಿನ ವಿಷಯ ಅದು.

ಸೋಮವಾರ ಮೊಬೈಲಿಗೆ ಸಿಗ್ನಲ್ ಸಿಕ್ಕಿದ ಕಡೆ ಅರಣ್ಯದ ರೇಂಜರ್ ಕಚೇರಿಗೆ ಕರೆ ಮಾಡಿದ್ದೆ. ಆ ಹೆಸರಿನವರಿಗೆ ಈ ಅರಣ್ಯದಲ್ಲಿ ವ್ಯವಹಾರ ಮಾಡುವ ಪರ್ಮಿಟ್ ಇಲ್ಲ ಎಂದರು. ಕರೆ ನಡೆದದ್ದು ನಾಲ್ಕು ನಿಮಿಷ. ನಾಲ್ಕೇ ನಿಮಿಷ! ಹಣ ಕೊಡುವ ಮೊದಲೇ, ಜುಲೈನಲ್ಲಿ ಮಾಡಬಹುದಾಗಿದ್ದ ಕರೆ.

ಆಮೇಲೆ ಆತನಿಗೆ ಫೋನ್ ಹಚ್ಚಿದೆ. ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ, ನಿಮಗೂ ಇವೇ ಬರಬಹುದು. ಕುದುರೆ ಎಲ್ಲಿ ಎಂದದ್ದಕ್ಕೆ, "ಅವೂ ಜೀವ ಅಲ್ಲವೇ, ಉಳುಕುತ್ತವೆ." ಐದು ಮೈಲಿ ಎಂದದ್ದಕ್ಕೆ, "ಐದು ಮೈಲಿಯವರೆಗೆ ಎಂದಿದ್ದೆ." ಪುಕ್ಕಟೆ ಜಾಗಕ್ಕೆ ಹಣ ಪಡೆದೆಯಲ್ಲ ಎಂದದ್ದಕ್ಕೆ, "ಜಾಗಕ್ಕಲ್ಲ, ಟೆಂಟಿಗೆ. ಟೆಂಟ್ ಆಕಾಶದಿಂದ ಬೀಳುತ್ತದೆಯೇ?" ಯೂನಿಟ್ ಎಂದದ್ದಕ್ಕೆ, "ಗಡಿ ನೋಡಿಕೊಳ್ಳುವುದು ಬೇಟೆಗಾರನ ಹೊಣೆ, ನನ್ನದಲ್ಲ." ಕಾನೂನಿನ ಪ್ರಕಾರ ಈ ಕೊನೆಯ ಮಾತು ಸತ್ಯ, ಅದೇ ಉರಿ. ಸಿಕ್ಕಿಬಿದ್ದರೆ ದಂಡ ಬೀಳುತ್ತಿದ್ದದ್ದು ನಮಗೇ. ಅರ್ಧ ಹಣವಾದರೂ ವಾಪಸು ಕೊಡು ಎಂದೆ. ಅದಕ್ಕೆ ಬಂದದ್ದು ಒಂದೇ ಸಾಲು: "ನಿಮ್ಮ ಕರಾರುಪತ್ರ ತೋರಿಸಿ, ಅದರಲ್ಲಿ ಎಲ್ಲಿ ಬರೆದಿದೆ ಹೇಳಿ." ಕೈ ಕುಲುಕಿದರೆ ಮುಗಿಯಿತು ಎಂದವನ ಮಾತು ಇದು. ಅಜ್ಜನ ಹೆಸರು ಎತ್ತಿದವನ ಮಾತು. ಆಮೇಲೆ ನನ್ನ ನಂಬರನ್ನು ತಡೆಹಿಡಿದ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಮಾಳದಲ್ಲಿ ಗೂಟ ಹೊಡೆಯಲು ಅಡ್ವಾನ್ಸ್ ಕೊಟ್ಟೆಯೇನೋ?" ಎಂದರು. ಈಗ ನಮ್ಮ ಕೇರಿಗೆಲ್ಲ ಗೊತ್ತು.

ನೀವು ಮಾಡಬೇಕಾದದ್ದು ಇಷ್ಟೇ. ಕೊಲೊರಾಡೊದಲ್ಲಿ ಔಟ್‌ಫಿಟರ್‌ಗಳು ರಾಜ್ಯದಲ್ಲಿ ನೋಂದಣಿ ಆಗಿರಬೇಕು, ವಿಮೆ ಮತ್ತು ಜಾಮೀನು ಬಾಂಡ್ ಇರಬೇಕು, ಗ್ರಾಹಕರಿಗೆ ಲಿಖಿತ ಕರಾರು ಕೊಡಬೇಕು. ರಾಜ್ಯದ ಜಾಲತಾಣದಲ್ಲಿ ಹೆಸರು ಹಾಕಿದರೆ ನೋಂದಣಿ ಇದೆಯೋ ಇಲ್ಲವೋ ಕಾಣುತ್ತದೆ. ಸರ್ಕಾರಿ ಕಾಡಿನಲ್ಲಿ ವ್ಯವಹಾರ ಮಾಡಲು ಆ ಕಾಡಿನ ಪರ್ಮಿಟ್ ಬೇರೆ ಬೇಕು, ಅದಕ್ಕೆ ರೇಂಜರ್ ಕಚೇರಿಗೆ ಒಂದು ಕರೆ. ಯೂನಿಟ್ ಗಡಿಯನ್ನು ನೀವೇ ನೋಡಿ, ಬೇರೆಯವರ "ಅಂಗಳ" ನಂಬಬೇಡಿ. ಕುದುರೆ ಕಾಣದೆ ಬಾಕಿ ಹಣ ಕೊಡಬೇಡಿ. ಭಾವಮೈದುನ ತೋಳು ಹಿಡಿದರೆ ಕೇಳಿ.

ರಾಜ್ಯದ ನೋಂದಣಿ ಕಚೇರಿಗೆ ದೂರು ಬರೆದಿದ್ದೇನೆ, ಹಣ ಬಂದಿಲ್ಲ. ಹೆಸರು ಹಾಕಬೇಡ ಎಂದು ಪರಿಚಯದ ವಕೀಲರು ಹೇಳಿದ್ದರಿಂದ ಇಲ್ಲಿ ಹಾಕಿಲ್ಲ. ಹಾಕಿದರೂ ಪ್ರಯೋಜನವಿರಲಿಲ್ಲ, ಮೊನ್ನೆಯಿಂದ ಜಾಹೀರಾತು ಬೇರೊಂದು ಹೆಸರಿನಲ್ಲಿ ಮತ್ತೆ ಬರುತ್ತಿದೆ. ಚಿತ್ರ ಮಾತ್ರ ಅದೇ: ಬಿಳಿ ಟೆಂಟ್, ನೆಟ್ಟಗೆ ನಿಂತ ಹೊಗೆಕೊಳವೆ, ಎರಡು ಕಂದು ಕುದುರೆ, ಎಡಗಡೆಯದರ ಹಣೆಯಲ್ಲಿ ಬಿಳಿ ಮಚ್ಚೆ. ಆ ಮಚ್ಚೆ ಕಂಡರೆ ಹಣ ಕಳಿಸಬೇಡಿ.